ಸುಳ್ಳು ಕೂತ ಮೂರು ದಿನ

ಆಸ್ಪತ್ರೆಯ ಕೆಲಸದ ಕೊನೆಯ ವರ್ಷಗಳಲ್ಲಿ, ಹೊಟ್ಟೆನೋವು ಎಂದು ಬಂದ ಹೆಂಗಸನ್ನು ಮಂಚದ ಮೇಲೆ ಮಲಗಿಸಿದ ಕೂಡಲೇ ನಾನು ಮಾಡುತ್ತಿದ್ದ ಮೊದಲ ಕೆಲಸ, ಜೊತೆಗೆ ಬಂದವರನ್ನೆಲ್ಲ ಹೊರಗೆ ಕಳಿಸುವುದು. ಅತ್ತೆ, ತಾಯಿ, ಓರಗಿತ್ತಿ, ಯಾರೇ ಆಗಲಿ. ಬಾಗಿಲು ಮುಂದೆ ಮಾಡಿ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳುತ್ತಿದ್ದೆ. ಹೋದ ತಿಂಗಳು ಹೊರಗೆ ಕೂತಿದ್ದೆಯಾ? ಕೂತಿದ್ದೆ ಎಂದರೆ, ಮತ್ತೆ: ನಿಜವಾಗಿ ಕೂತಿದ್ದೆಯಾ? ಕೆಲವರು ನಗುತ್ತಿದ್ದರು, ಕೆಲವರಿಗೆ ಸಿಟ್ಟು ಬರುತ್ತಿತ್ತು. ಬಂದರೆ ಬರಲಿ. ಈ ಬೋಳುತಲೆಯವಳಿಗೆ ಎಷ್ಟು ಜೋರು ನೋಡು ಎಂದು ಅತ್ತೆಯರು ಬಾಗಿಲ ಆಚೆ ನಿಂತು ನನ್ನನ್ನು ಬೈದದ್ದು ಒಂದೆರಡು ಸಲವಲ್ಲ. ಆ ಬೈಗುಳ ನನಗೆ ತಾಗುತ್ತಿರಲಿಲ್ಲ.

ಹೊರಗೆ ಕೂಡುವುದು ಎಂದರೆ ತಿಂಗಳ ಮುಟ್ಟಿನ ಮೂರು ದಿನ ಹಿತ್ತಲ ಕಡೆಯ ಪಡಸಾಲೆಯಲ್ಲಿ ಇರುವುದು. ನಮ್ಮಂಥ ಮಡಿ ಮನೆಗಳಲ್ಲಿ ಆ ಮೂರು ದಿನ ಮುಟ್ಟಾದವಳನ್ನು ಯಾರೂ ಮುಟ್ಟುವಂತಿಲ್ಲ. ಊಟ ಎಲೆಯ ಮೇಲೆ, ದೂರದಿಂದ. ನೀರು ಮೇಲಿನಿಂದ ಹೊಯ್ಯಿಸಿಕೊಳ್ಳುವುದು. ಚಾಪೆ ಬೇರೆ, ಕಂಬಳಿ ಬೇರೆ, ಚೊಂಬು ಬೇರೆ. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ. ಅಡಿಗೆ ಯಾರು ಮಾಡಬೇಕು, ದೇವರ ನೀರು ಯಾರು ತರಬೇಕು ಎಂಬುದೆಲ್ಲ ಇದರ ಮೇಲೆ ನಿಂತಿರುವುದರಿಂದ, ಮನೆಯ ಯಾವ ಸೊಸೆ ಯಾವ ತಿಥಿಗೆ ಕೂತಳು ಎಂಬುದು ಅತ್ತೆಯ ಬಾಯಿಯಲ್ಲಿ ಇರುತ್ತಿತ್ತು.

ನನ್ನ ತವರು ಬಳ್ಳಾರಿ. ತಂದೆ ಕಲೆಕ್ಟರ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನನ್ನನ್ನು ಕುರುಗೋಡಿಗೆ ಕೊಟ್ಟರು. ಹದಿನಾಲ್ಕು ಜನರ ಮನೆ, ಅಡಿಗೆಗೆ ನಾವಿಬ್ಬರು ಸೊಸೆಯರು. ಬೆಳಗಿನ ಜಾವ ಎದ್ದು ಒದ್ದೆ ಸೀರೆಯಲ್ಲಿ ಬಾವಿಯಿಂದ ನೀರು ಹೊರುವುದು, ಬೀಸುವುದು, ಕುಟ್ಟುವುದು, ಎಲ್ಲರೂ ಉಂಡ ಮೇಲೆ ಉಣ್ಣುವುದು. ನಾನು ಸೋಮಾರಿ ಎಂದು ಅತ್ತೆ ಹೇಳುತ್ತಿದ್ದರು. ಇದ್ದರೂ ಇರಬಹುದು. ಒಂದು ಸಲ ಬೆನ್ನು ತೀರಾ ಕೈಕೊಟ್ಟಿತ್ತು. ಮುಟ್ಟಾಗದಿದ್ದರೂ ಹಿತ್ತಲ ಪಡಸಾಲೆಗೆ ಹೋಗಿ ಕೂತುಬಿಟ್ಟೆ. ಯಾರೂ ಏನೂ ಕೇಳಲಿಲ್ಲ. ಮೂರು ದಿನ ಎದುರಿನ ಕಲ್ಲುಗುಡ್ಡ ನೋಡುತ್ತ, ಬೇಕಾದಾಗ ಮಲಗುತ್ತ, ರಾಣಿಯ ಹಾಗೆ ಇದ್ದೆ. ಎಂಟು ದಿನಕ್ಕೆ ನಿಜವಾದದ್ದು ಬಂತು, ಮತ್ತೆ ಕೂತೆ. ಅತ್ತೆ ‘ಉಷ್ಣ ಆಗೇದ’ ಎಂದು ಜೀರಿಗೆ ಕಷಾಯ ಕುಡಿಸಿದರು. ಆ ಕಷಾಯ ಕುಡಿಯುವಾಗ ನಗು ತಡೆದುಕೊಂಡದ್ದು ಈಗಲೂ ನೆನಪಿದೆ.

ಹತ್ತೊಂಬತ್ತು ತುಂಬುವುದರೊಳಗೆ ಗಂಡ ವಾಂತಿಭೇದಿಯಲ್ಲಿ ತೀರಿಕೊಂಡರು. ತಲೆ ಬೋಳಿಸಿ ನನ್ನನ್ನು ಬಳ್ಳಾರಿಗೆ ತಂದುಬಿಟ್ಟರು. ಅದೇ ವರ್ಷ ನನ್ನ ತಂಗಿಯನ್ನು ಸಿರುಗುಪ್ಪೆಗೆ ಗಂಡನ ಮನೆಗೆ ಕಳಿಸುವ ಏರ್ಪಾಡು ನಡೆದಿತ್ತು. ನನಗಿಂತ ಐದು ವರ್ಷ ಚಿಕ್ಕವಳು. ಶುಭಕಾರ್ಯದ ಮನೆಯಲ್ಲಿ ನನ್ನ ಮುಖ ಯಾರಿಗೂ ಕಾಣಬಾರದೆಂದು ಉಗ್ರಾಣದಲ್ಲಿ ಕೂಡಿಸಿದ್ದರು. ಹೊರಡುವ ಮುಂಚೆ ತಂಗಿ ಕದ್ದು ಅಲ್ಲಿಗೆ ಬಂದಳು. ಜೋಳದ ಚೀಲಗಳ ನಡುವೆ ಕೂತು ಅಳಲು ಶುರುಮಾಡಿದಳು. ಅಳು ನಿಲ್ಲಿಸಲೆಂದೇ ಅವಳಿಗೆ ನನ್ನ ಕುರುಗೋಡಿನ ವಿದ್ಯೆ ಹೇಳಿಕೊಟ್ಟೆ.

“ಬ್ಯಾಸರಾದಾಗ ಹೋಗಿ ಕೂತುಬಿಡು. ಮೂರು ದಿನ ತವರಿಗೆ ಹೋಗಿ ಬಂದಂಗ ಆಗ್ತದ.”

“ಅಕ್ಕಾ, ಯಾರಾದ್ರೂ ಕೇಳಿದ್ರ?”

“ಯಾರು ಕೇಳ್ತಾರ? ಮುಟ್ಟಂಗಿಲ್ಲ, ಹತ್ರ ಬರಂಗಿಲ್ಲ. ಬಟ್ಟಿ ಒಗಿಯಾಕಿನೂ ನೀನ.”

“ಅಕಸ್ಮಾತ್ ಕೇಳಿದ್ರ?”

“ನನ್ನ ಕಡೆ ಕಳಿಸು. ಖರೇನ ಕೂತಿದ್ಲು ಅಂತ ನಾ ಹೇಳ್ತೀನಿ.”

ಅವಳು ಅಳುತ್ತಳುತ್ತಲೇ ನಕ್ಕಳು. ಮೂಗು ಒರೆಸಿಕೊಂಡು ಎದ್ದು ಹೋದಳು. ಆಮೇಲೆ ನಾನು ಆ ಮಾತನ್ನು ಮರೆತೆ.

ಮುಂದಿನ ನಾಲ್ಕೈದು ವರ್ಷಗಳಲ್ಲಿ ತಂದೆ ತಾಯಿ ಇಬ್ಬರೂ ಹೋದರು, ಮನೆ ದಾಯಾದಿಗಳ ಪಾಲಾಯಿತು. ಸಾಯುವ ಮುಂಚೆ ತಂದೆ ಮಾಡಿದ ಒಂದು ಕೆಲಸವೆಂದರೆ ನನ್ನನ್ನು ಸೂಲಗಿತ್ತಿಯ ಕೆಲಸ ಕಲಿಯಲು ಮದರಾಸಿಗೆ ಕಳಿಸಿದ್ದು. ಅದಕ್ಕಾಗಿ ಬಂಧುಗಳು ನಮ್ಮ ಮನೆಯ ನೀರು ಬಿಟ್ಟರು. ಮರಳಿ ಬಂದು ಬಳ್ಳಾರಿಯಲ್ಲಿ, ಕೋಟೆಗುಡ್ಡದ ಕೆಳಗಿನ ಸಣ್ಣ ಹೆಂಗಸರ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದೆ. ಹಿಂದಿನ ಒಂದು ಕೋಣೆಯಲ್ಲೇ ನನ್ನ ವಾಸ. ಅಲ್ಲಿ ಡಾಕ್ಟರ್ ಒಬ್ಬ ದೊರೆಸಾನಿ. ತೆಳ್ಳಗೆ, ಎತ್ತರವಾಗಿ, ಬಿಸಿಲಿಗೆ ಸದಾ ಕೆಂಪಗಿರುತ್ತಿದ್ದರು. ಮುನ್ಷಿಯಿಂದ ತೆಲುಗು ಕಲಿತಿದ್ದರು, ಕನ್ನಡ ನನ್ನಿಂದ ಕಲಿಯುತ್ತಿದ್ದರು. ಎರಡನ್ನೂ ಕಲಸಿ ಆಡಿದರೂ ಹೆಂಗಸರಿಗೆ ಅರ್ಥವಾಗುತ್ತಿತ್ತು.

ದೊರೆಸಾನಿಗೆ ನಾನೊಂದು ಪಾಠ ಹೇಳಿಕೊಟ್ಟಿದ್ದೆ. ಮುಟ್ಟು ಯಾವಾಗ ನಿಂತಿತು ಎಂದು ರೋಗಿಯನ್ನು ಕೇಳಿದರೆ ಅವಳು ನಾಚಿಕೊಂಡು ಏನಾದರೂ ಹೇಳುತ್ತಾಳೆ. ಮಡಿ ಮನೆಯಿಂದ ಬಂದವಳಾದರೆ ಅತ್ತೆಯನ್ನು ಕೇಳಿ, ಅವರ ಎಣಿಕೆ ಒಂದು ದಿನವೂ ತಪ್ಪುವುದಿಲ್ಲ ಎಂದಿದ್ದೆ. ಅನೇಕ ಸಲ ಅದು ಸರಿಹೋಯಿತು. ದೊರೆಸಾನಿ ಮೆಚ್ಚಿಕೊಂಡರು. ನನಗೆ ಜಂಬ ಬಂದಿತ್ತು, ಅದನ್ನೇನು ಮುಚ್ಚಿಡುವುದು.

ಅವರೂ ನನಗೊಂದು ಹೇಳಿಕೊಟ್ಟಿದ್ದರು. ಒಂದು ಬೇಸಿಗೆಯಲ್ಲಿ ಹಳ್ಳಿಯಿಂದ ತಂದ ಹೆಂಗಸೊಬ್ಬಳು ಬಂಡಿಯಲ್ಲೇ ಸತ್ತುಹೋಗಿದ್ದಳು. ಅಂದು ಅವರು ಕಾಗದದ ಮೇಲೆ ಗರ್ಭಚೀಲದ ಚಿತ್ರ ಬರೆದು ತೋರಿಸಿದರು. ಚೀಲದ ಎರಡು ಕಡೆ ಎರಡು ಸಣ್ಣ ನಳಿಗೆ. ಕೆಲವೊಮ್ಮೆ ಕೂಸು ಚೀಲಕ್ಕೆ ಇಳಿಯದೆ ಆ ನಳಿಗೆಯಲ್ಲೇ ನಿಂತು ಬೆಳೆಯುತ್ತದೆ. ಅಲ್ಲಿ ಜಾಗವಿಲ್ಲ. ನಳಿಗೆ ಒಡೆದು ಹೊಟ್ಟೆಯೊಳಗೆ ರಕ್ತ ತುಂಬುತ್ತದೆ, ಹೊರಗೆ ಕಾಣುವುದು ಸ್ವಲ್ಪವೇ. ಗುರುತುಗಳನ್ನು ಬೆರಳು ಮಡಚಿ ಹೇಳಿದರು. ತಿಂಗಳು ತಪ್ಪಿರಬೇಕು, ಅದು ಹೆಬ್ಬೆರಳು. ಆಮೇಲೆ ಕೆಳಹೊಟ್ಟೆಯ ಒಂದು ಪಕ್ಕದಲ್ಲಿ ಒಮ್ಮೆಲೇ ನೋವು. ತಲೆ ತಿರುಗಿ ಬೀಳುವುದು. ಸ್ವಲ್ಪ ಸ್ರಾವ. ಕೊನೆಯದು ಹೆಗಲಿನ ತುದಿಯಲ್ಲಿ ನೋವು. ತಮ್ಮ ದೇಶದಲ್ಲಿ ಈಗೀಗ ಹೊಟ್ಟೆ ತೆರೆದು ನಳಿಗೆ ಕಟ್ಟಿ ಬದುಕಿಸುತ್ತಾರೆ, ತಾವು ಒಮ್ಮೆ ಪಕ್ಕದಲ್ಲಿ ನಿಂತು ನೋಡಿದ್ದುಂಟು, ಬೇಗ ಗೊತ್ತಾಗಬೇಕು ಅಷ್ಟೇ ಎಂದರು.

ತಂಗಿಯನ್ನು ತಂದದ್ದು ಗಣೇಶನ ಚೌತಿಯಾದ ಎರಡು ದಿನಕ್ಕೆ. ಸಿರುಗುಪ್ಪೆಯಿಂದ ಹಿಂದಿನ ದಿನ ಹೊತ್ತು ಇಳಿಯುವಾಗ ಬಿಟ್ಟ ಬಂಡಿ ಮರುದಿನ ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯ ಮುಂದೆ ನಿಂತಿತು. ಮಳೆಯಾಗಿ ಎರೆಮಣ್ಣಿನ ದಾರಿ ಅಂಟಾಗಿತ್ತಂತೆ, ಗಾಲಿ ಹೂತು ಎರಡು ಕಡೆ ಇಳಿದು ತಳ್ಳಿದ್ದರಂತೆ. ಅವಳ ಅತ್ತೆ ಬಂಡಿಯ ಮುಂದಿನ ತುದಿಯಲ್ಲಿ ಮೈ ಮುದುಡಿಕೊಂಡು ಕೂತಿದ್ದರು. ತಂಗಿ ಹಿಂದಿನ ತುದಿಯಲ್ಲಿ ಹುಲ್ಲಿನ ಮೇಲೆ ಮಲಗಿದ್ದಳು. ನಡುವೆ ಒಂದು ಕೋಲು ಅಡ್ಡ ಇಟ್ಟಿದ್ದರು. ಗಂಡ ಬಂಡಿಯ ಪಕ್ಕದಲ್ಲಿ ನಡೆದುಕೊಂಡೇ ಬಂದಿದ್ದ. ಬಂದವನು ಬೇವಿನ ಮರದ ಕೆಳಗೆ ಕೂತ, ಗಂಡಸರಿಗೆ ಒಳಗೆ ಪ್ರವೇಶವಿರಲಿಲ್ಲ.

“ಅವ್ವಾರ, ಕುರುಗೋಡು ದಾಟಿದಾಗಿಂದ ಮಾತಾಡವಲ್ರು ನೋಡ್ರಿ. ಮೈಯಾಗ ಜೀವ ಐತೋ ಇಲ್ಲೋ ಅನ್ನಂಗ ಆಗೈತಿ. ಲಗೂನ ಇಳಿಸ್ಕೊರ್ರಿ” ಎಂದ ಬಂಡಿಯವನು.

ನಾನೇ ಎತ್ತಿಕೊಂಡೆ. ಹಗುರವಾಗಿದ್ದಳು, ಮೈ ತಣ್ಣಗೆ ಬೆವೆತಿತ್ತು. ಎರಡು ದಿನಗಳಿಂದ ಅವಳನ್ನು ಮುಟ್ಟಿದ ಮೊದಲ ಕೈ ನನ್ನದು.

ಮಂಚದ ಮೇಲೆ ಮಲಗಿಸಿದೆ. ಅತ್ತೆ ಬಾಗಿಲಲ್ಲೇ ನಿಂತರು, ಹೊಸ್ತಿಲು ದಾಟಲಿಲ್ಲ. ಕೆಟ್ಟ ಹೆಂಗಸಲ್ಲ ಆಕೆ. ಚೌತಿಯ ಹಬ್ಬದ ಮನೆ ಬಿಟ್ಟು, ಎರೆಮಣ್ಣಿನಲ್ಲಿ ರಾತ್ರಿಯೆಲ್ಲ ಬಂಡಿಯಲ್ಲಿ ಕೂತು ಸೊಸೆಯನ್ನು ದವಾಖಾನೆಗೆ ತಂದವರು. ಆ ಕಾಲದಲ್ಲಿ ಎಷ್ಟು ಮಂದಿ ತರುತ್ತಿದ್ದರು? ನಾನು ಕೇಳಿದ್ದಕ್ಕೆಲ್ಲ ಅವರೇ ಉತ್ತರ ಹೇಳಿದರು.

“ಚೌತಿ ದಿವಸ ನೈವೇದ್ಯಕ್ಕ ಇಟ್ಟಾಗ ಹೊರಗ ಕೂತ್ಲು. ನಿನ್ನೆ ಮುಂಜಾನೆ ಹೊಟ್ಟಿ ನೋವು ಅಂತ ಒದರಿ ಬಿದ್ದ್ಲು. ಮುಟ್ಟಿನ ನೋವು, ಸುಮ್ನ ಆಗ್ತದ ಅಂದ್ಕೊಂಡ್ವಿ. ಆಮ್ಯಾಲ ಹೆಗಲು ನೋಯ್ತದ ಅಂದ್ಲು. ಕಲ್ಲಿನ ಮ್ಯಾಲ ಮಲಗ್ಯಾಳಲ್ಲ, ಅದಕ್ಕಿರಬೇಕು.”

“ಹೋದ ತಿಂಗಳು ಎಂದು ಕೂತಿದ್ಲು, ಅಮ್ಮಾ?”

“ನಾಗರ ಪಂಚಮಿ ಮರುದಿವಸ. ಮೂರು ದಿನಾನೂ ಊಟ ಬಡಿಸೀನಿ ನಾನ. ನಾ ಎಣಿಸಿದ್ದು ತಪ್ಪಂಗಿಲ್ಲ ತಗೋರಿ.”

ಪಂಚಮಿಯ ಮರುದಿನದಿಂದ ಚೌತಿಗೆ ಇಪ್ಪತ್ತೆಂಟು ದಿನ. ನಾನೂ ಎಣಿಸಿದೆ. ತಂಗಿ ಕಣ್ಣು ತೆರೆದು ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಅತ್ತೆಯ ಎದುರು ಸೊಸೆ ಬಾಯಿ ಬಿಡುವುದಿಲ್ಲ, ಅದು ನಮ್ಮಲ್ಲಿ ಇದ್ದದ್ದೇ. ಸಂಕೋಚ ಎಂದುಕೊಂಡು ಅವಳ ಹಣೆ ಒರೆಸಿದೆ.

ದೊರೆಸಾನಿ ಬಂದು ನಾಡಿ ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಕೆಳಗಿನ ಕಣ್ರೆಪ್ಪೆ ಎಳೆದು ನೋಡಿದರು. ಎದ್ದು ನಿಂತು ನನ್ನ ಮುಖ ನೋಡುತ್ತ ಹೆಬ್ಬೆರಳು ಮಡಚಿದರು.

ಇಲ್ಲ, ತಿಂಗಳು ತಪ್ಪಿಲ್ಲ, ಅತ್ತೆಯೇ ಹೇಳಿದ್ದಾರೆ, ದಿನಕ್ಕೆ ದಿನ ಸರಿಯಾಗಿದೆ ಎಂದೆ.

ಅವರು ಬೆರಳು ಬಿಚ್ಚಿದರು. ಕರುಳಿನ ಬಾವು ಇರಬಹುದು, ಗರ್ಭಚೀಲದ ಬಾವೂ ಇರಬಹುದು ಎಂದರು. ಅಫೀಮಿನ ಔಷಧ, ಹೊಟ್ಟೆಗೆ ಬಿಸಿ ಶಾಖ ಹೇಳಿ ಬೇರೆ ಕೋಣೆಯ ಹೆರಿಗೆಗೆ ಹೋದರು. ಔಷಧ ಕುಡಿಸಿದವಳು ನಾನು. ಶಾಖ ಕೊಟ್ಟವಳೂ ನಾನು. ಉಗ್ರಾಣ, ಜೋಳದ ಚೀಲ, ಅಳುತ್ತ ನಕ್ಕ ಮುಖ, ಯಾವುದೂ ಆ ಹೊತ್ತಿನಲ್ಲಿ ನನ್ನ ತಲೆಗೆ ಬರಲಿಲ್ಲ. ರೋಗಿಯನ್ನು ನೋಡುತ್ತಿದ್ದೆ, ತಂಗಿಯನ್ನು ನೋಡುತ್ತಿರಲಿಲ್ಲ ಎಂದು ಕಾಣುತ್ತದೆ.

ಅಫೀಮಿಗೆ ನೋವು ತಗ್ಗಿತು. ಅವಳ ಮುಖ ಸಡಿಲವಾದದ್ದನ್ನು ನೋಡಿ ನನಗೆ ಸಮಾಧಾನವಾಯಿತು. ಅತ್ತೆಗೂ ಆಯಿತು. ಹಿಂದಿನ ದಿನದಿಂದ ಅವರ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಆಸ್ಪತ್ರೆಯ ನೀರು ಮುಟ್ಟುವವರಲ್ಲ. ಊರೊಳಗೆ ಬಂಧುಗಳ ಮನೆಗೆ ಹೋಗಿ ಸ್ನಾನ ಮಾಡಿ ಒಂದು ತುತ್ತು ಉಂಡು ಬರುತ್ತೇನೆ ಎಂದು ಹೊರಟರು. ಆಗ ಮೂರು ಗಂಟೆ ದಾಟಿತ್ತು.

ಅವರ ಹೆಜ್ಜೆ ಸಪ್ಪಳ ನಿಂತ ಮೇಲೆ ತಂಗಿ ನನ್ನ ಸೆರಗು ಹಿಡಿದಳು. ನಾಲಿಗೆ ತಡವರಿಸುತ್ತಿತ್ತು.

“ಅಕ್ಕಾ, ಪಂಚಮಿಗೆ ನಾ ಸುಳ್ಳು ಕೂತಿದ್ದೆ.”

ಶಾಖದ ಬಟ್ಟೆ ಕೆಳಗಿಟ್ಟು ಅವಳ ಬಾಯಿಯ ಬಳಿ ಬಗ್ಗಿದೆ.

“ನೀ ಹೇಳಿಕೊಟ್ಟಿದ್ಯಲ್ಲ, ಹಂಗ. ಆಗ್ಲೇ ದಿನ ಮುಂದ ಹೋಗಿತ್ತು. ಎರಡು ಸಲ ಇಳದು ಹೋಗೇದಲ್ಲ, ಈ ಸಲ ಯಾರಿಗೂ ಹೇಳೋದು ಬ್ಯಾಡ ಅಂದ್ಕೊಂಡೆ. ಹಬ್ಬದ ಕೆಲಸ ಭಾಳ ಇತ್ತು. ಮಲಗಿದ್ರ ನಿಂತೀತು ಅಂತ ಹೋಗಿ ಮಲಗಿದೆ.”

ಎರಡು ಸಲ ಬಸಿರು ಇಳಿದಾಗಲೂ ಮನೆಯವರೆಲ್ಲ ಹರಕೆ ಹೊತ್ತು ಕಾದಿದ್ದರು, ಆಮೇಲೆ ಎಲ್ಲರೂ ಅವಳ ಮುಖ ನೋಡಿದ್ದರು. ಮೂರನೆಯದನ್ನು ಅವಳೊಬ್ಬಳೇ ಕಾಯುತ್ತಿದ್ದಳು. ಅದನ್ನು ಉಳಿಸಿಕೊಳ್ಳಲೆಂದು ಮೂರು ದಿನ ಕಲ್ಲಿನ ಮೇಲೆ ಅಲುಗಾಡದೆ ಮಲಗಿದ್ದಳು. ಪಂಚಮಿಗೆ ಎಲ್ಲರ ಮನೆಯ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ಅವಳನ್ನು ಕರೆಯಲು ನಮ್ಮಲ್ಲಿ ಮನೆಯೇ ಇರಲಿಲ್ಲ.

ನಾನು ಓಡಿದೆ. ಆ ಆಸ್ಪತ್ರೆಯಲ್ಲಿ ನಾನು ಓಡಿದ್ದು ಅದೊಂದೇ ಸಲ. ದೊರೆಸಾನಿಯ ಮುಂದೆ ನಿಂತು ಹೆಬ್ಬೆರಳು ಮಡಚಿ ತೋರಿಸಿದೆ. ಅವರಿಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಅವರ ಕೆಂಪು ಮುಖ ಬಿಳಿಚಿಕೊಂಡಿತು. ಉಳಿದ ನಾಲ್ಕು ಬೆರಳುಗಳನ್ನು ಒಂದೊಂದಾಗಿ ಮಡಚುತ್ತಲೇ ನನ್ನ ಹಿಂದೆ ಬಂದರು. ಮತ್ತೆ ಪರೀಕ್ಷೆ ಮಾಡಿದರು. ಎಡಗಡೆಯ ನಳಿಗೆ, ಒಡೆದಿದೆ, ಚೌತಿಗೆ ಕಂಡ ರಕ್ತವೂ ಅದರದ್ದೇ ಎಂದರು. ಮೇಜನ್ನು ಕಿಟಕಿಯ ಬಳಿಗೆ ಎಳೆಸಿದರು, ಬೆಳಕು ಇನ್ನೂ ಇತ್ತು. ನೀರು ಕಾಯಿಸಲು ಹೇಳಿದರು. ಕ್ಲೋರೋಫಾರಂ ತರಿಸಿದರು. ತಾವು ಒಬ್ಬರೇ ಇದನ್ನು ಎಂದೂ ಮಾಡಿಲ್ಲ ಎಂದೂ ಹೇಳಿದರು.

ನೀರು ಕುದಿಯಿತು. ಕತ್ತರಿ, ದಾರ, ಸೂಜಿ, ಬಟ್ಟೆ ಎಲ್ಲವನ್ನೂ ನಾನು ಅದರಲ್ಲಿ ಹಾಕಿದೆ. ಹಿಂದಿನಿಂದ ದೊರೆಸಾನಿ ನನ್ನನ್ನು ಕರೆದರು. ಎರಡನೆಯ ಸಲ ಕರೆದಾಗ ತಿರುಗಿದೆ. ಅವರು ತಂಗಿಯ ಮಣಿಕಟ್ಟನ್ನು ಹಿಡಿದುಕೊಂಡೇ ಇದ್ದರು, ಆದರೆ ಎಣಿಸುತ್ತಿರಲಿಲ್ಲ.

ಮಧ್ಯಾಹ್ನವೇ ಗೊತ್ತಾಗಿದ್ದರೆ ತೆರೆಯುತ್ತಿದ್ದೆ ಎಂದರು. ನನ್ನನ್ನು ದೂರಲು ಹೇಳಿದ್ದಲ್ಲ, ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು. ನಾನು ಒಲೆಯ ಬೆಂಕಿ ಆರಿಸಿದೆ. ಕುದಿಯುವ ನೀರಿನಿಂದ ಕತ್ತರಿ ತೆಗೆದು ಒರೆಸಿ ಪೆಟ್ಟಿಗೆಯಲ್ಲಿಟ್ಟೆ. ದಾರ ಸುತ್ತಿಟ್ಟೆ. ಅಳು ಬರಲಿಲ್ಲ. ಬರಬೇಕಿತ್ತು ಎಂದು ತಿಳಿದಿತ್ತು, ಬರಲಿಲ್ಲ. ಎಷ್ಟೋ ವರ್ಷ ಬರಲಿಲ್ಲ. ನನಗೆ ನನ್ನ ಮೇಲೆ ಸಿಟ್ಟೂ ಬರಲಿಲ್ಲ, ಅದಕ್ಕೂ ಒಳಗೆ ಏನಾದರೂ ಉಳಿದಿರಬೇಕಲ್ಲ.

ದೊರೆಸಾನಿ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದರು. ಇದ್ದದ್ದನ್ನು ಇದ್ದ ಹಾಗೆಯೇ ಬರೆದರು. ಆ ಪುಸ್ತಕವನ್ನು ಆಮೇಲೆ ಯಾರೂ ತೆರೆದಿರಲಾರರು.

ಹೊತ್ತು ಮುಳುಗುವ ಮುಂಚೆ ಬಂಧುಗಳ ಮನೆಯಿಂದ ಅತ್ತೆ ಬಂದರು, ಜೊತೆಗೆ ಆಚಾರ್ಯರೊಬ್ಬರನ್ನು ಕರೆತಂದಿದ್ದರು. ಸುದ್ದಿ ಮುಟ್ಟಿತ್ತು. ಅತ್ತೆ ಬಾಗಿಲ ಹೊರಗೆ ನೆಲದ ಮೇಲೆ ಕೂತು ಸದ್ದಿಲ್ಲದೆ ಅತ್ತರು. ಗಂಡ ಬೇವಿನ ಮರದ ಕೆಳಗಿಂದ ಏಳಲೇ ಇಲ್ಲ. ಆಚಾರ್ಯರು ವಯಸ್ಸಾದವರು, ಮೆತ್ತಗಿನ ಮಾತು. ಮೆಟ್ಟಿಲ ಕೆಳಗೆ ನಿಂತು ನನ್ನನ್ನು ಕರೆದರು.

“ತಾಯೀ, ಒಂದು ಮಾತು ಕೇಳಬೇಕಾಗೇದ, ತಪ್ಪು ತಿಳೀಬ್ಯಾಡ್ರಿ. ಆಕಿ ಹೊರಗಿದ್ಲೋ, ಬಸುರಿದ್ಲೋ? ಎರಡಕ್ಕೂ ವಿಧಿ ಬ್ಯಾರೆ ಬ್ಯಾರೆ ಅವ. ನೀವು ಇಲ್ಲಿ ಕೆಲಸ ಮಾಡೋರು, ನಿಮಗ ಗೊತ್ತಿರ್ತದ.”

ವಿಧಿ ಬೇರೆ ಎಂಬುದು ನನಗೆ ಗೊತ್ತಿತ್ತು. ಹೊರಗೆ ಕೂತಾಗ ಸತ್ತವಳಿಗೆ ಪಂಚಗವ್ಯದಿಂದ ಸ್ನಾನ ಮಾಡಿಸಿ, ಸೀರೆ ಬದಲಿಸಿ ಒಯ್ಯುತ್ತಾರೆ. ಬಸುರಿ ಸತ್ತರೆ ಹಾಗಲ್ಲ. ಕುರುಗೋಡಿನಲ್ಲಿ ನಮ್ಮ ಪಕ್ಕದ ಮನೆಯ ಸೊಸೆ ದಿನ ತುಂಬುವ ಮುಂಚೆ ಸತ್ತಿದ್ದಳು. ಸುಡುಗಾಡಿನಲ್ಲಿ ಹೊಟ್ಟೆ ಸೀಳಿ ಕೂಸನ್ನು ಬೇರೆ ಮಾಡಿದರು ಎಂದು ಹೆಂಗಸರು ಬಾವಿಯ ಕಟ್ಟೆಯಲ್ಲಿ ಪಿಸುಗುಟ್ಟಿದ್ದನ್ನು ಕೇಳಿದ್ದೆ. ಎಷ್ಟನೆಯ ತಿಂಗಳಿಂದ ಹಾಗೆ ಮಾಡುತ್ತಾರೆ, ಎರಡು ತಿಂಗಳಿಗೂ ಮಾಡುತ್ತಾರೋ ಏನೋ, ನನಗೆ ತಿಳಿಯದು. ಆಚಾರ್ಯರನ್ನು ಕೇಳಬಹುದಿತ್ತು. ಕೇಳಲಿಲ್ಲ. ಮಧ್ಯಾಹ್ನ ಬೆಳಕಿದ್ದಾಗ, ಕ್ಲೋರೋಫಾರಂ ಕೊಟ್ಟು, ಕುದಿಸಿದ ಕತ್ತರಿಯಿಂದ ತೆರೆಯದ ಹೊಟ್ಟೆಯನ್ನು ಈಗ ಸುಡುಗಾಡಿನಲ್ಲಿ ತೆರೆಯುವುದು ನನಗೆ ಬೇಡವಾಗಿತ್ತು.

ಅತ್ತೆ ನೆಲದಿಂದಲೇ ಹೇಳಿದರು, “ನಾ ಹೇಳಿದೆನಲ್ಲ ಆಚಾರ್ರ, ಚೌತಿ ದಿವಸ ಕೂತಾಳ. ಹೋದ ತಿಂಗಳೂ ಕೂತಾಳ. ಬಸರಾಗಿದ್ರ ನನಗ ಹೇಳ್ತಿದ್ದಿಲ್ಲೇನು ಆಕಿ?”

ದೊರೆಸಾನಿ ಬಾಗಿಲಿಗೆ ಬಂದು ನಿಂತಿದ್ದರು. ಅಷ್ಟು ಕನ್ನಡ ಅವರಿಗೆ ನಾನೇ ಕಲಿಸಿದ್ದೆ. ನನ್ನ ಕಡೆ ನೋಡಿ ಒಳಗೆ ಹೋದರು.

ಯಾರಾದರೂ ಕೇಳಿದರೆ ನನ್ನ ಕಡೆ ಕಳಿಸು ಎಂದಿದ್ದೆ. ಉಗ್ರಾಣದಲ್ಲಿ, ಅಳು ನಿಲ್ಲಿಸಲೆಂದು ಆಡಿದ ಮಾತು. ಆಗಿನಿಂದ ಇಲ್ಲಿಯವರೆಗೆ ಅವಳನ್ನು ಯಾರೂ ಕೇಳಿರಲಿಲ್ಲ. ಈಗ ಕೇಳಿದರು, ನನ್ನ ಕಡೆಗೇ ಬಂದು ಕೇಳಿದರು.

“ಹೌದು ಆಚಾರ್ರ,” ಎಂದೆ. “ಖರೇನ ಕೂತಿದ್ಲು. ಇವತ್ತಿಗೆ ಮೂರು ದಿನ.”